ಡಿ.ಜೆ.ಯ ಲಯವಿವೇಕ: ಒಂದು ತುಲನೆ

ಮುದ್ರಿತ ಗೀತೆಗಳನ್ನು ಒಂದರ ಬೆನ್ನಿಗೊಂದು ಹೊಂದಿಸಿ ನುಡಿಸಿ ಜನರನ್ನು ಕುಣಿಸುವವನಿಗೆ ಡಿ.ಜೆ. ಎಂದು ಹೆಸರು. ಚನ್ನಪಟ್ಟಣಕ್ಕೂ ಮದ್ದೂರಿಗೂ ನಡುವಣ ನಿಡಘಟ್ಟದ ಸೀಮೆಯಲ್ಲಿ, ನಾಡಿನ ಇತರೆಡೆಗಳಲ್ಲಿರುವಂತೆಯೇ, ಈ ಹೆಸರು ವಾಹನದ ಮೇಲೆ ಒಟ್ಟಿದ ಧ್ವನಿಪೆಟ್ಟಿಗೆಗಳ ರಾಶಿಗೂ ಸಲ್ಲುತ್ತದೆ. ಕರ್ತೃವಿನ ಹೆಸರು ಕರಣಕ್ಕೆ ಸಂದುಹೋದ ಈ ಅರ್ಥಪಲ್ಲಟ ವಿಮರ್ಶೆಯನ್ನೂ ದಾರಿತಪ್ಪಿಸಿದೆ. ಒಬ್ಬರು ಪೆಟ್ಟಿಗೆಯ ಮೊಳಗನ್ನೇ ಕೌಶಲವೆಂದು ಎಣಿಸುತ್ತಾರೆ. ಮತ್ತೊಬ್ಬರು ಗುಂಡಿಯೊತ್ತುವುದರಲ್ಲಿ ಕಲೆಯೇನಿದೆಯೆಂದು ತಳ್ಳಿಹಾಕುತ್ತಾರೆ.

ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯವನ್ನು ಇಲ್ಲಿಗೂ ಅನ್ವಯಿಸಬಹುದೆಂದು ತೋರುತ್ತದೆ. ಯಾವ ಗೀತಪ್ರಕಾರಕ್ಕೆ ಯಾವ ಹಸ್ತಕೌಶಲ ಉಚಿತವೆಂಬುದನ್ನು ಮೊದಲು ನಿರ್ಣಯಿಸದೆ ಇವನು ಹೆಚ್ಚು, ಅವನು ಕಡಮೆ ಎನ್ನುವುದು ನಿರರ್ಥಕ.

ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ 1973ರ ಆಗಸ್ಟ್ 11ರಂದು ಕೂಲ್ ಹರ್ಕ್ ನುಡಿಸಿದ ಕೂಟವನ್ನು ಹಿಪ್‌ಹಾಪಿನ ಮೊದಲೆಂದು ಹೇಳುವುದು ವಾಡಿಕೆ. ಹಾಡು ನಿಂತು ತಾಳವಾದ್ಯವೊಂದೇ ಉಳಿಯುವ ಅಲ್ಪಭಾಗಕ್ಕೆ ಜನ ಹುರುಪಿನಿಂದ ಕುಣಿಯುವುದನ್ನು ಗಮನಿಸಿದ ಆತನು, ಒಂದೇ ಗೀತೆಯ ಎರಡು ತಟ್ಟೆಗಳನ್ನಿಟ್ಟು ಆ ಭಾಗವನ್ನು ಬೆಳೆಸಿದನು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಟ್ಟೆಯ ಮೇಲೆ ಗುರುತುಹಾಕಿ ಆ ಕೆಲಸಕ್ಕೆ ಕರಾರುವಾಕ್ಕುತನ ತಂದನು. ತಟ್ಟೆಯನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಎಳೆದು ಗೀಚುನಾದ ಹೊರಡಿಸುವ ಕ್ರಮವೂ ಈ ಪರಂಪರೆಯದೇ. ಇಲ್ಲಿ ತಟ್ಟೆಯೇ ವಾದ್ಯ, ತುಂಡರಿಸುವುದೇ ಗುಣ.

ಷಿಕಾಗೋ ನಗರದ ವೇರ್‌ಹೌಸ್ ಎಂಬಲ್ಲಿ 1977ರಿಂದ ಫ್ರ್ಯಾಂಕಿ ನಕಲ್ಸ್ ಬೆಳೆಸಿದ ಸಂಗೀತಕ್ಕೆ ಹೌಸ್ ಎಂದು ಹೆಸರಾಯಿತು. ನಿಮಿಷಕ್ಕೆ ಸುಮಾರು 120ರಿಂದ 130 ಘಾತಗಳ, ಹೆಚ್ಚಾಗಿ ಯಂತ್ರದಿಂದಲೇ ಹುಟ್ಟಿದ ಸಮಗತಿ ಇದರದು. ಎರಡು ಗೀತೆಗಳ ವೇಗವನ್ನು ಸರಿದೂಗಿಸಿ, ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗಿತೆಂದು ತಿಳಿಯದಂತೆ ಬೆಸೆಯುವುದು ಇಲ್ಲಿನ ಗುಣ. ಹಿಪ್‌ಹಾಪಿನ ಗುಣವು ಇಲ್ಲಿ ದೋಷವಾಗುತ್ತದೆ. ಗೀಚುವ ಕೈ ಕಣ್ಣಿಗೆ ಕಾಣುವುದರಿಂದ ಅದಕ್ಕೆ ಚಪ್ಪಾಳೆ ಬೇಗ ದೊರೆಯುತ್ತದೆ. ಬೆಸೆಯುವವನ ಶ್ರಮವೆಲ್ಲ ಕಿವಿಯದು. ಕಂಡದ್ದನ್ನೇ ಹಿರಿದೆಂದು ಬಗೆಯುವ ತುಲನೆಗೆ ಬೆಲೆಯಿಲ್ಲ.

ಇನ್ನು ಮದ್ದೂರು ಸೀಮೆಯ ಗಣೇಶ ವಿಸರ್ಜನೆಯ ಮೆರವಣಿಗೆ. ಇಲ್ಲಿ ನುಡಿಯುವ ಚಿತ್ರಗೀತೆಗಳಲ್ಲಿ ಹಲವು ತಮಟೆಯ ತಿಶ್ರಗತಿಯವು. ಕೈಯಿಂದ ಬಾರಿಸಿ ಮುದ್ರಿಸಿದ ಹಳೆಯ ಗೀತೆಯ ವೇಗ ಅಲ್ಲಲ್ಲಿ ಕೂದಲೆಳೆಯಷ್ಟು ಸರಿಯುತ್ತದೆ. ಅದನ್ನು ಇನ್ನೊಂದರೊಡನೆ ಬಹಳ ಹೊತ್ತು ಜೋಡಿಸಿ ನಿಲ್ಲಿಸುವುದು ಕಷ್ಟ. ಘಾತಗಳ ವೇಗ ಸಮನಾದರೂ ತಿಶ್ರದ ಮೂರು ಭಾಗಗಳು ಚತುರಶ್ರದ ನಾಲ್ಕರ ಮೇಲೆ ಬಿದ್ದಾಗ ಕುಣಿಯುವ ಕಾಲು ತಡವರಿಸುತ್ತದೆ. ಆದಕಾರಣ ನಮ್ಮ ಡಿ.ಜೆ. ಥಟ್ಟನೆ ಕಡಿದು ಮುಂದಿನ ಹಾಡಿಗೆ ಹಾಯುವುದನ್ನು ಹೌಸಿನ ಅಳತೆಗೋಲಿನಿಂದ ಅನಾಗರಿಕವೆನ್ನಲಾಗದು. ಸರಿಯಾದ ಆವರ್ತದ ತುದಿಯಲ್ಲಿ ಕಡಿದನೇ, ಕುಣಿತದ ಕಾವು ಆರುವ ಮುನ್ನ ಹಿಡಿದನೇ ಎಂಬುದೇ ಕೇಳಬೇಕಾದ ಪ್ರಶ್ನೆ. ಮೊಳಗಿನ ಗಾತ್ರಕ್ಕೆ ಈ ಲೆಕ್ಕದಲ್ಲಿ ಎಡೆಯೇ ಇಲ್ಲ. ಅದು ಬಾಡಿಗೆಗೆ ಸಿಕ್ಕುವ ವಸ್ತು.

ಆದರೆ ಅವನನ್ನು ತೂಗಬೇಕಾದದ್ದು ನ್ಯೂಯಾರ್ಕಿನವರೊಡನೆ ಮಾತ್ರವಲ್ಲ, ಅದೇ ಬೀದಿಯ ತಮಟೆಯವನೊಡನೆ. ಪೂಜಾ ಕುಣಿತದಲ್ಲಿ ಕುಣಿಯುವವನ ತಲೆಯ ಮೇಲೆ ದೇವತೆಯ ಪೂಜೆಯಿರುತ್ತದೆ. ಅವನ ಹೆಜ್ಜೆ ಬಿಗಿದಾಗ ತಮಟೆ ಏರುತ್ತದೆ. ಅವನು ಉಸಿರು ತೆಗೆದುಕೊಂಡಾಗ ತಗ್ಗುತ್ತದೆ. ಮುದ್ರಿತ ಗೀತೆ ಕುಣಿಯುವವನನ್ನು ತನ್ನ ವೇಗಕ್ಕೆ ಎಳೆದುಕೊಳ್ಳುತ್ತದೆಯೇ ಹೊರತು ತಾನಾಗಿ ಅವನನ್ನು ಹಿಂಬಾಲಿಸದು. ಹಾಡಿನ ಆಯ್ಕೆಯಲ್ಲಿ ಡಿ.ಜೆ. ಜನರ ಮುಖ ನೋಡಬಲ್ಲನು. ಒಂದೊಂದು ಹೆಜ್ಜೆಗೂ ಉತ್ತರಕೊಡುವ ವಿದ್ಯೆ ತಮಟೆಯವನದು. ಈ ಒಂದು ಅಂಶದಲ್ಲಿ ಎಲ್ಲ ಪ್ರಕಾರಗಳ ಡಿ.ಜೆ.ಗಳಿಗಿಂತ ತಮಟೆಯವನೇ ಮೇಲೆಂಬುದು ನನ್ನ ಅಭಿಪ್ರಾಯ. ಡಿ.ಜೆ.ಯನ್ನು ಕರೆಸಿ ಮೇಳವನ್ನು ಬಿಟ್ಟ ಊರಿನಲ್ಲಿ ಆ ವಿದ್ಯೆಯನ್ನು ಹುಡುಗರು ಯಾರ ಪಕ್ಕದಲ್ಲಿ ನಿಂತು ಕಲಿಯಬೇಕು?

ಒಂದೇ ಮೆರವಣಿಗೆಯಲ್ಲಿ ಎರಡನ್ನೂ ಧ್ವನಿಮುದ್ರಿಸಿ, ನಿಮಿಷಕ್ಕೆಷ್ಟು ಘಾತ, ಎಲ್ಲಿ ಏರಿತು, ಯಾರ ಹೆಜ್ಜೆಗೆ ಏರಿತು ಎಂದು ಗುರುತಿಸುವ ಕೆಲಸ ನಮ್ಮ ವಿದ್ಯಾರ್ಥಿಗಳಿಗೆ ಅಸಾಧ್ಯವೇನಲ್ಲ. ಮೇಳಗಳಿನ್ನೂ ಉಳಿದಿರುವ ಊರುಗಳಿಂದಲೇ ಅದನ್ನು ತೊಡಗಬೇಕು.