ಕೆಲಸದ ಜೊತೆಗೇ ಕೈಬಿಡುವ ವಿಮೆ

ಐಟಿ ಕಂಪನಿಗಳು ನೌಕರರನ್ನು ಮನೆಗೆ ಕಳಿಸಿದಾಗ ಎಷ್ಟು ತಿಂಗಳ ಸಂಬಳ ಕೊಟ್ಟರು ಎಂಬುದು ಸುದ್ದಿಯಾಗುತ್ತದೆ. ಆರೋಗ್ಯ ವಿಮೆ ಕೊನೆಯ ದಿನಕ್ಕೇ ನಿಂತುಹೋಗುವುದನ್ನು ಯಾರೂ ಕೇಳುವುದಿಲ್ಲ. ಗುಂಪು ವಿಮೆಯ ರೂಢಿಯಲ್ಲಿ ನನಗೆ ಅತಿ ಅನ್ಯಾಯವೆನಿಸುವುದು ಇದೇ. ಸಾಮಾನ್ಯವಾಗಿ ವರ್ಷದ ಪ್ರೀಮಿಯಂ ಮೊದಲೇ ಕಟ್ಟಿಯಾಗಿರುತ್ತದೆ. ನೌಕರ ಹೊರಬಿದ್ದೊಡನೆ ಅವನ, ಹೆಂಡತಿ ಮಕ್ಕಳ, ಕೆಲವೆಡೆ ತಂದೆತಾಯಿಯ ಹೆಸರನ್ನೂ ಪಟ್ಟಿಯಿಂದ ತೆಗೆಯುವಂತೆ ಎಚ್‌ಆರ್‌ನವರು ವಿಮಾ ಕಂಪನಿಗೆ ಬರೆಯುತ್ತಾರೆ. ಕ್ಲೇಮ್ ಆಗಿರದಿದ್ದರೆ ಉಳಿದ ತಿಂಗಳುಗಳ ಹಣ ಹೆಚ್ಚಾಗಿ ಮಾಲೀಕರ ಲೆಕ್ಕಕ್ಕೆ ಜಮೆಯಾಗುತ್ತದೆ. ಆಗಿದ್ದರೆ ವಿಮಾ ಕಂಪನಿಯಲ್ಲೇ ಉಳಿಯುತ್ತದೆ. ಡಯಾಲಿಸಿಸ್‌ನಲ್ಲಿರುವ ತಾಯಿಗೆ ಎರಡರಿಂದಲೂ ಏನೂ ಸಿಗುವುದಿಲ್ಲ.

ಈ ಗುಂಪು ವಿಮೆಗಿಂತ ಹಳೆಯದಾದ, ಕ್ಯೂ ಮತ್ತು ಔಷಧದ ಕೊರತೆಗಾಗಿ ನಾವು ಸದಾ ಬೈಯುವ ಕಾರ್ಮಿಕರ ಸರ್ಕಾರಿ ವಿಮೆ ಇಎಸ್‌ಐ ಈ ವಿಷಯದಲ್ಲಿ ಎಷ್ಟೋ ಮಾನವೀಯವಾಗಿದೆ. ಅಲ್ಲಿ ವಂತಿಗೆಯ ಅವಧಿ ಬೇರೆ, ಸೌಲಭ್ಯದ ಅವಧಿ ಬೇರೆ. ಪೀಣ್ಯದ ಗಾರ್ಮೆಂಟ್ಸ್ ಕೆಲಸಗಾರ್ತಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕನಿಷ್ಠ 78 ದಿನ ವಂತಿಗೆ ಕಟ್ಟಿದ್ದರೆ, ಅಕ್ಟೋಬರ್‌ನಲ್ಲಿ ಕೆಲಸ ಹೋದರೂ ಮುಂದಿನ ಜನವರಿಯಿಂದ ಜೂನ್‌ವರೆಗೆ ಅವಳಿಗೆ ಚಿಕಿತ್ಸೆಯ ಹಕ್ಕಿರುತ್ತದೆ. ಆದರೆ ಸಂಬಳದ ಮಿತಿ 2017ರಿಂದ 21,000 ರೂಪಾಯಿಯಲ್ಲೇ ನಿಂತಿದ್ದರಿಂದ, ಬೆಲೆ ಏರಿದಂತೆ ಸಂಬಳವೂ ತುಸು ಏರಿದವರು ಈ ನೆರಳಿನಿಂದ ಹೊರಗೆ ಬೀಳುತ್ತಿದ್ದಾರೆ. ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಿದೆಯಲ್ಲ ಎನ್ನಬಹುದು. ಬಿಪಿಎಲ್ ಕಾರ್ಡ್ ಇಲ್ಲದವರಿಗೆ ಅದು ಪ್ಯಾಕೇಜ್ ದರದ ಶೇ. 30ರಷ್ಟನ್ನು ಮಾತ್ರ ಭರಿಸುತ್ತದೆ. ಉಳಿದ ಶೇ. 70 ಸಂಬಳವಿಲ್ಲದ ಮನೆಯಿಂದಲೇ ಬರಬೇಕು.

ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ವಿಮಾ ನಿಯಂತ್ರಕ ಐಆರ್‌ಡಿಎಐ ಅವಕಾಶ ಕೊಟ್ಟಿದೆ, ಹಳೆಯ ಕಾಯಿಲೆಗಳ ರಕ್ಷಣೆಗಾಗಿ ಕಾದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ ಎಂಬುದು ನಿಜ. 2025ರ ಸೆಪ್ಟೆಂಬರ್‌ನಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ. ಆದರೆ ಪ್ರೀಮಿಯಂ ಎಷ್ಟೆಂಬುದನ್ನು ವಯಸ್ಸು, ಕಾಯಿಲೆ ನೋಡಿ ಕಂಪನಿಯೇ ಹೇಳುತ್ತದೆ. ಕೆಲಸ ಹೋದವರಲ್ಲಿ ಹುಷಾರಿಲ್ಲದವರೇ ಗುಂಪು ವಿಮೆಯಲ್ಲಿ ಉಳಿದುಕೊಂಡರೆ ನಮಗೆ ನಷ್ಟ ಎಂಬ ವಿಮಾದಾರರ ಆಕ್ಷೇಪ ಸುಳ್ಳಲ್ಲ. ಅಮೆರಿಕದ ಕೋಬ್ರಾ ಕಾಯ್ದೆ ಹಾಗೆ 18 ತಿಂಗಳು ಗುಂಪಿನಲ್ಲಿ ಉಳಿಯಲು ಬಿಡುತ್ತದೆಯಾದರೂ ಪ್ರೀಮಿಯಂನ ಶೇ. 102ರವರೆಗೆ ನಿರುದ್ಯೋಗಿಯಿಂದಲೇ ವಸೂಲಾಗಬಹುದು. ಅದನ್ನು ನಾನು ಮಾದರಿ ಎನ್ನಲಾರೆ. ನಾನು ಕೇಳುವುದು ಅಷ್ಟು ದೊಡ್ಡದಲ್ಲ: ಕಂಪನಿಯೇ ಕೆಲಸದಿಂದ ತೆಗೆದವರ ಹೆಸರನ್ನು ಆ ಪಾಲಿಸಿ ವರ್ಷ ಮುಗಿಯುವವರೆಗೆ ಅಳಿಸಬಾರದು. ಆ ವರ್ಷದ ಅಪಾಯಕ್ಕೆ ವಿಮಾದಾರರು ಬೆಲೆ ಕಟ್ಟಿ, ಹಣ ಪಡೆದೂ ಆಗಿದೆ. ತಾವಾಗಿ ಬಿಟ್ಟವರಿಗೆ ಈ ನಿಯಮ ಬೇಡವೆಂದರೆ ಒಪ್ಪುತ್ತೇನೆ, ಒತ್ತಾಯದಿಂದ ಬರೆಸಿಕೊಂಡ ರಾಜೀನಾಮೆಯನ್ನು ಆ ಲೆಕ್ಕಕ್ಕೆ ಸೇರಿಸದಿದ್ದರೆ.