ಶೆನಿನ್, ಸೊವಿನ್ಯೋನ್ ಮತ್ತು ಭಾಲ್ಕಿ ಸೀಮೆಯ ಊಟ

ಭಾಲ್ಕಿ, ಬೀದರ್, ಔರಾದ್ ಸೀಮೆಯ ಊಟಕ್ಕೆ ಹೊಂದುವ ಹಗುರವಾದ ಬಿಳಿ ವೈನನ್ನು ಹುಡುಕುವವರಿಗೆ ದಖನ್ನಿನ ನೆಲದಲ್ಲೇ ಬೆಳೆದ ದ್ರಾಕ್ಷಿಯಿಂದ ತಯಾರಾಗುವ ಎರಡು ಬಗೆಗಳು ಮುಖ್ಯವಾಗಿ ಎದುರಾಗುತ್ತವೆ: ಸೊವಿನ್ಯೋನ್ ಬ್ಲಾಂಕ್ ಮತ್ತು ಶೆನಿನ್ ಬ್ಲಾಂಕ್. ಇವೆರಡೂ ಫ್ರಾನ್ಸ್ ಮೂಲದ ದ್ರಾಕ್ಷಿ ತಳಿಗಳು. ತಳಿಯ ಹೆಸರೇ ವೈನಿಗೂ ನಿಂತಿದೆ. ಎರಡನ್ನೂ ಡ್ರೈ ವೈನ್ ಆಗಿ ತಯಾರಿಸಬಹುದು, ಅಂದರೆ ರಸದಲ್ಲಿದ್ದ ಸಕ್ಕರೆ ಹುದುಗುವಾಗ ಬಹುಮಟ್ಟಿಗೆ ಆಲ್ಕೊಹಾಲಾಗಿ ಮಾರ್ಪಟ್ಟು ಸಿಹಿ ನಾಲಗೆಗೆ ಹತ್ತದಷ್ಟು ಮಾತ್ರ ಉಳಿಯುವ ಹಾಗೆ. ಯುರೋಪಿನ ನಿಯಮದಂತೆ ಡ್ರೈ ಎನಿಸಿಕೊಳ್ಳಲು ಉಳಿದ ಸಕ್ಕರೆ ಲೀಟರಿಗೆ 4 ಗ್ರಾಂ ಮೀರಬಾರದು, ಹುಳಿಯ ಅಂಶ ಸಾಕಷ್ಟಿದ್ದರೆ ಮಾತ್ರ 9 ಗ್ರಾಂವರೆಗೆ ಸಲ್ಲುತ್ತದೆ. ಶರಣ ಪರಂಪರೆ ಬೇರೂರಿದ ಈ ಜಿಲ್ಲೆಯಲ್ಲಿ ಮದ್ಯವನ್ನು ಮುಟ್ಟದಿರುವುದೇ ಅನೇಕ ಮನೆಗಳ ನಡೆ, ಅದು ಗೌರವಕ್ಕೆ ಅರ್ಹವಾದದ್ದು. ಇಲ್ಲಿನ ವಿವೇಚನೆ ವೈನ್ ಸೇವಿಸುವವರು ಮಾಡಬೇಕಾದ ಆಯ್ಕೆಗಷ್ಟೇ ಸಂಬಂಧಿಸಿದೆ.

ಹೋಲಿಕೆಗೆ ಒದಗುವ ಎರಡು ತೋಟಗಳು ಈ ಸೀಮೆಗೆ ತೀರ ಹೊರಗಿನವಲ್ಲ. ಕಲ್ಯಾಣ ಕರ್ನಾಟಕದ್ದೇ ಆದ ಕೊಪ್ಪಳ ಜಿಲ್ಲೆಯ ಹಂಪಿ ಹಿಲ್ಸ್ ಪ್ರದೇಶದಲ್ಲಿ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಉಮಾ ಚಿಗುರುಪಾಟಿ ದಂಪತಿ ಸ್ಥಾಪಿಸಿದ ಕೃಸ್ಮಾ ಎಸ್ಟೇಟ್ಸ್ ತನ್ನ ತೋಟದ ದ್ರಾಕ್ಷಿಯಿಂದಲೇ ಸೊವಿನ್ಯೋನ್ ಬ್ಲಾಂಕ್ ತಯಾರಿಸುತ್ತದೆ. ಕನ್ನಡ ಮಾತಿನ ಜನ ತಲೆಮಾರುಗಳಿಂದ ನೆಲೆಸಿರುವ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ, ಇಟಲಿಯ ಮತ್ತು ಭಾರತದ ಕುಟುಂಬಗಳು ಸೇರಿ ಕಟ್ಟಿದ ಫ್ರಾತೆಲ್ಲಿ ಸಂಸ್ಥೆ ಇತರ ವೈನ್‌ಗಳೊಂದಿಗೆ ಶೆನಿನ್ ಬ್ಲಾಂಕನ್ನೂ ಹೊರತರುತ್ತದೆ. ವೈನ್ ಬಲ್ಲವರ ನಡುವೆ ಮೊದಲಿನದಕ್ಕೆ ಮಾನ ಹೆಚ್ಚು, ಬೆಲೆಯೂ ಹೆಚ್ಚು. ಎರಡನೆಯದನ್ನು ಹೊಸಬರು ಕಲಿಕೆಗಾಗಿ ಕುಡಿಯುವ ವೈನ್ ಎಂದು ಬದಿಗೆ ಸರಿಸುವುದೇ ರೂಢಿ. ಜೋಳದ ರೊಟ್ಟಿಯ ಊಟವನ್ನು ಮುಂದಿಟ್ಟುಕೊಂಡು ನೋಡಿದರೆ ಈ ತಾರತಮ್ಯ ನಿಲ್ಲುವುದಿಲ್ಲ.

ಕಾರಣಗಳು ತೋಟದಿಂದಲೇ ಆರಂಭವಾಗುತ್ತವೆ. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಬೇಸಿಗೆಯಲ್ಲಿ ಕಾಯಿ ಬಲಿತು, ಹಣ್ಣು ಮಾಗುವ ಹೊತ್ತಿಗೆ ಹವೆ ತಂಪಿನ ಕಡೆಗೆ ತಿರುಗಿರುತ್ತದೆ. ದಖನ್ನಿನಲ್ಲಿ ಬಳ್ಳಿಗೆ ಆ ನಿದ್ರೆಯಿಲ್ಲ. ಆದ್ದರಿಂದ ಬೆಳೆಗಾರರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ, ಎಂದರೆ ಏಪ್ರಿಲ್ ಸುಮಾರಿಗೆ ಕಡ್ಡಿ ಬೆಳೆಸುವುದಕ್ಕಾಗಿ ಒಮ್ಮೆ ಸವರಿ, ಮಳೆಗಾಲ ಮುಗಿಯುವಾಗ ಹಣ್ಣಿಗಾಗಿ ಮತ್ತೊಮ್ಮೆ ಸವರುತ್ತಾರೆ, ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು ನಡೆಯುತ್ತದೆ. ಇಲ್ಲಿ ಹಣ್ಣು ಮಾಗುವುದು ತಂಪಿನಿಂದ ಬಿಸಿಲಿನ ಕಡೆಗೆ ಸಾಗುವ ದಿನಗಳಲ್ಲಿ ಎಂಬ ಈ ಒಂದು ಸಂಗತಿ ಬಿಳಿ ವೈನಿನ ಗುಣವನ್ನು ಬಹುಪಾಲು ನಿರ್ಧರಿಸಿಬಿಡುತ್ತದೆ, ಏಕೆಂದರೆ ದ್ರಾಕ್ಷಿಯಲ್ಲಿರುವ ಮ್ಯಾಲಿಕ್ ಆಮ್ಲ ಬಿಸಿ ಏರಿದಂತೆ ಬೇಗನೆ ಕರಗುತ್ತದೆ, ಸಕ್ಕರೆ ಮಾತ್ರ ಏರುತ್ತಲೇ ಹೋಗುತ್ತದೆ, ಕೊಯ್ಲಿಗೆ ತಕ್ಕ ದಿನಗಳ ಅವಧಿ ಕಿರಿದಾಗುತ್ತದೆ.

ಸೊವಿನ್ಯೋನ್ ಬ್ಲಾಂಕ್ ಈ ಒತ್ತಡದಲ್ಲಿ ಹೆಚ್ಚು ಕಳೆದುಕೊಳ್ಳುವ ತಳಿ. ಹಸಿ ಹುಲ್ಲು, ದೊಣ್ಣೆ ಮೆಣಸಿನಕಾಯಿಗಳನ್ನು ನೆನಪಿಸುವ ಅದರ ಪರಿಮಳ ಪೈರಜಿನ್ ಎಂಬ ವರ್ಗದ ಸಂಯುಕ್ತಗಳಿಂದ ಬರುತ್ತದೆ, ಅವು ಬಿಸಿಲಿಗೆ ಒಡ್ಡಿಕೊಂಡ ಗೊಂಚಲಿನಲ್ಲಿ ಕ್ಷೀಣಿಸುತ್ತವೆ. ಆ ಪರಿಮಳವನ್ನು ಉಳಿಸಿಕೊಳ್ಳಲು ಬೇಗ ಕೊಯ್ದರೆ ವೈನು ತೆಳುವಾಗಿ, ಹುಳಿ ಚುಚ್ಚುವಂತೆ ಮೇಲೆದ್ದು ನಿಲ್ಲುತ್ತದೆ, ತಡವಾಗಿ ಕೊಯ್ದರೆ ತಳಿಯ ಗುರುತೇ ಮಸುಕಾಗುತ್ತದೆ. ಹಂಪಿ ಹಿಲ್ಸ್‌ನ ತಯಾರಿಕೆ ಈ ಇಕ್ಕಟ್ಟನ್ನು ಬಹಳ ಎಚ್ಚರದಿಂದ ದಾಟಿದೆ, ನಿಂಬೆ ಮತ್ತು ಹಸುರೆಲೆಯ ವಾಸನೆಯನ್ನು ಹಿಡಿದಿಟ್ಟುಕೊಂಡೇ ಹಣ್ಣಿನ ರುಚಿಯನ್ನೂ ಕೊಡುತ್ತದೆ. ಇಂಥ ಹವೆಯಲ್ಲಿ ಇದು ಸಣ್ಣ ಸಾಧನೆಯಲ್ಲ. ಶೆನಿನ್ ಬ್ಲಾಂಕಿಗೆ ಇಷ್ಟು ಕಾವಲು ಬೇಕಿಲ್ಲ. ಹಣ್ಣು ಪೂರ್ತಿ ಮಾಗಿದ ಮೇಲೂ ಹುಳಿಯನ್ನು ಬಿಟ್ಟುಕೊಡದಿರುವುದು ಅದರ ಹುಟ್ಟುಗುಣ, ಫ್ರಾನ್ಸಿನ ಲ್ವಾರ್ ಕಣಿವೆಯಿಂದ ಹೊರಟು ದಕ್ಷಿಣ ಆಫ್ರಿಕಾದ ಬಿಸಿಲಲ್ಲಿ ಅಲ್ಲಿನ ಅತ್ಯಂತ ವ್ಯಾಪಕ ಬಿಳಿ ತಳಿಯಾಗಿ ಹಬ್ಬಿದ್ದಕ್ಕೆ ಈ ಗುಣ ದೊಡ್ಡ ಕಾರಣ. ಅಕಲೂಜಿನ ವೈನಿನಲ್ಲಿ ಪೇರಲ, ಅನಾನಸುಗಳ ಕಡೆಗೆ ವಾಲುವ ಪರಿಮಳವಿದೆ, ಬಾಯಲ್ಲಿ ತುಸು ದುಂಡಗಿನ ಮೈಯಿದೆ, ಕೊನೆಯಲ್ಲಿ ಹುಳಿ ತಾನೇ ಬಂದು ನಾಲಗೆಯನ್ನು ತೊಳೆಯುತ್ತದೆ.

ಇನ್ನು ಊಟದ ಮಾತು, ಆಯ್ಕೆ ನಿಜವಾಗಿ ತೀರ್ಮಾನವಾಗುವುದು ಇಲ್ಲಿ. ಈ ಸೀಮೆಯ ಅಡುಗೆಯಲ್ಲಿ ಹುಳಿ, ಖಾರ, ಶೇಂಗಾದ ಜಿಡ್ಡು ಒಟ್ಟಿಗೇ ಬರುತ್ತವೆ: ತೊಗರಿಬೇಳೆ ಹಾಕಿ ಬೇಯಿಸಿದ ಪುಂಡಿಪಲ್ಯ, ಹುಣಸೆ ಹಿಂಡಿದ ಬೇಳೆ, ಶೇಂಗಾ ಹಿಂಡಿ, ಹಸಿಮೆಣಸಿನಕಾಯಿ ಚಟ್ನಿ, ಜೊತೆಗೆ ಬಿಸಿ ಜೋಳದ ರೊಟ್ಟಿ. ಹುಳಿ ಅಡುಗೆಯ ಜೊತೆಗೆ ಹುಳಿ ಕಡಿಮೆಯಿರುವ ವೈನು ಸಪ್ಪೆಯಾಗುತ್ತದೆ ಎಂಬುದು ಎಲ್ಲ ಕಡೆ ಸಲ್ಲುವ ಮಾತು, ಆ ಪರೀಕ್ಷೆಯಲ್ಲಿ ಎರಡೂ ಗೆಲ್ಲುತ್ತವೆ. ಖಾರದ ಪರೀಕ್ಷೆಯಲ್ಲಿ ಅವು ಬೇರೆಯಾಗುತ್ತವೆ. ಮೆಣಸಿನಕಾಯಿಯ ಉರಿಯನ್ನು ಆಲ್ಕೊಹಾಲ್ ಹೆಚ್ಚಿಸುತ್ತದೆ, ಅಲ್ಪ ಸಿಹಿ ತಗ್ಗಿಸುತ್ತದೆ. ಇಂಥ ವೈನ್‌ಗಳಲ್ಲಿ ಆಲ್ಕೊಹಾಲ್ ಸಾಮಾನ್ಯವಾಗಿ ಶೇಕಡಾ 12ರಿಂದ 13ರ ಆಸುಪಾಸಿನಲ್ಲೇ ಇರುವುದರಿಂದ, ಹಣ್ಣಿನ ತುಂಬುತನ ಮತ್ತು ಉಳಿದ ಒಂದೆರಡು ಗ್ರಾಂ ಸಕ್ಕರೆಯೇ ವ್ಯತ್ಯಾಸ ಮಾಡುತ್ತದೆ. ಶೆನಿನ್‌ನ ದುಂಡು ಮೈ ಹಸಿಮೆಣಸಿನಕಾಯಿ ಚಟ್ನಿಯ ಉರಿಯನ್ನು ತಾಳಿಕೊಂಡು ಶೇಂಗಾ ಹಿಂಡಿಯ ಜಿಡ್ಡನ್ನೂ ಹಗುರಗೊಳಿಸುತ್ತದೆ. ಸೊವಿನ್ಯೋನ್ ಅದೇ ಚಟ್ನಿಯ ಮುಂದೆ ತನ್ನ ಪರಿಮಳವನ್ನೆಲ್ಲ ಕಳೆದುಕೊಂಡು ಬರೀ ಹುಳಿನೀರಾಗಿಬಿಡುತ್ತದೆ.

ಶೆನಿನ್ ಪರವಾದ ಈ ತೀರ್ಪಿಗೆ ಒಂದು ಎಚ್ಚರಿಕೆ ಅಗತ್ಯ. ನಾಸಿಕದ ಸೂಲಾ 2000ರಲ್ಲಿ ತನ್ನ ಮೊದಲ ವೈನ್‌ಗಳನ್ನು ಮಾರುಕಟ್ಟೆಗೆ ತಂದಾಗಿನಿಂದ ಭಾರತದಲ್ಲಿ ಶೆನಿನ್ ಎಂದರೆ ತುಸು ಸಿಹಿಯಾದ ವೈನ್ ಎಂಬ ಅಭಿರುಚಿ ಬೆಳೆದಿದೆ, ಹಲವು ತಯಾರಕರು ಅದನ್ನೇ ಅನುಸರಿಸಿದ್ದಾರೆ. ತುಸು ಸಿಹಿ ಖಾರಕ್ಕೆ ಒಳ್ಳೆಯದಾದರೂ ಹೆಚ್ಚು ಸಿಹಿಯಾದರೆ ತೊಗರಿಬೇಳೆಯ ಜೊತೆ ಅದು ಶರಬತ್ತಿನಂತೆ ಅಂಟುತ್ತದೆ. ಆದ್ದರಿಂದ ಕೊಳ್ಳುವವರು ಲೇಬಲ್ಲಿನಲ್ಲಿ ಡ್ರೈ ಎಂಬ ಸೂಚನೆಯನ್ನೂ ಕೊಯ್ಲಿನ ವರ್ಷವನ್ನೂ ನೋಡಲೇಬೇಕು, ಎರಡು ವರ್ಷ ಮೀರಿದ ಶೀಷೆಯನ್ನು ಬಿಡುವುದೇ ಲೇಸು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದ ಮೇಲೆ ಕರ್ನಾಟಕದಲ್ಲಿ ತಯಾರಿಕೆ ಬೆಳೆದದ್ದು ನಿಜ, ಆದರೆ ಶೀಷೆ ಅಂಗಡಿಯ ಕಪಾಟಿನಲ್ಲಿ ಹೇಗೆ ನಿಂತಿರುತ್ತದೆ ಎಂಬುದು ನೀತಿಯ ಕೈಯಲ್ಲಿಲ್ಲ. ಬೀದರ್ ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ತಂಪಿಲ್ಲದ ಕೋಣೆಯಲ್ಲಿ ಕಳೆದ ಬಿಳಿ ವೈನು, ಅದು ಯಾವ ತೋಟದ್ದೇ ಆಗಿರಲಿ, ಬೆಂದ ಹಣ್ಣಿನ ವಾಸನೆ ಬೀರುತ್ತದೆ. ಮನೆಯ ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು, 8ರಿಂದ 10 ಡಿಗ್ರಿಯ ತಂಪಿನಲ್ಲಿ ಬಡಿಸಿದರೆ ಎರಡೂ ವೈನ್‌ಗಳು ತಮ್ಮ ಗುಣವನ್ನು ತೋರುತ್ತವೆ.

ಹಾಗೆಂದು ಸೊವಿನ್ಯೋನ್ ಈ ಸೀಮೆಗೆ ಸಲ್ಲದ ವೈನಲ್ಲ. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ಮೀನನ್ನು ಮಸಾಲೆ ಮಿತವಾಗಿ ಹಚ್ಚಿ, ಕೊತ್ತಂಬರಿ ಮತ್ತು ನಿಂಬೆರಸ ಹಾಕಿ ಕಾಯಿಸಿದಾಗ ಲೆಕ್ಕ ತಿರುಗುತ್ತದೆ. ಅಲ್ಲಿ ಉರಿ ತಣಿಸುವ ಕೆಲಸವಿಲ್ಲದ್ದರಿಂದ ಶೆನಿನ್‌ನ ಹಣ್ಣಿನ ತೂಕ ಮೀನಿನ ರುಚಿಯ ಮೇಲೆ ಕೂರುತ್ತದೆ, ಕೊಪ್ಪಳದ ಸೊವಿನ್ಯೋನ್‌ನ ಹಸುರು ಪರಿಮಳವೋ ಕೊತ್ತಂಬರಿಯೊಡನೆ ನೇರವಾಗಿ ಬೆರೆಯುತ್ತದೆ. ಖಾರವಿಲ್ಲದೆ ಬೇಯಿಸಿದ ಮೆಂತ್ಯಸೊಪ್ಪಿನ ಪಲ್ಯಕ್ಕೂ ಅದೇ ಸರಿ. ಇಂಥ ಊಟಕ್ಕೆ ಅದರ ಹೆಚ್ಚಿನ ಬೆಲೆಯನ್ನು ತೆರುವುದು ನ್ಯಾಯ. ಚಟ್ನಿ, ಹಿಂಡಿ, ರೊಟ್ಟಿಗಳ ದಿನದ ಊಟಕ್ಕೆ ಅಕಲೂಜಿನ ಶೆನಿನ್ ಕಡಿಮೆ ಹಣಕ್ಕೆ ಹೆಚ್ಚು ಕೊಡುತ್ತದೆ.