ತುಂಡುಗಳ ನಡುವಿನ ಖಾಲಿ ಜಾಗ

ಅಲ್ಪವಿರಾಮ, ಪೈಪ್ ಗೆರೆ, ಟ್ಯಾಬ್ ಮೊದಲಾದ ಯಾವುದಾದರೊಂದು ಚಿಹ್ನೆಯಿಂದ ಬೇರ್ಪಡಿಸಿ ಬರೆದ ಪಠ್ಯವನ್ನು, ಅಂದರೆ ಸ್ಟ್ರಿಂಗನ್ನು, ಆ ಚಿಹ್ನೆ ಬಂದಲ್ಲೆಲ್ಲ ಕತ್ತರಿಸಿ, ಸಿಕ್ಕ ತುಂಡುಗಳನ್ನು ಕ್ರಮಸಂಖ್ಯೆಯಿಂದ ಕರೆಯಬಹುದಾದ ಸಾಲಿನಲ್ಲಿ, ಅಂದರೆ ಅರೇಯಲ್ಲಿ, ಜೋಡಿಸಿಕೊಡುವ ಸೌಲಭ್ಯ ಇಂದು ಬಳಕೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಇದೆ. ಕತ್ತರಿಸುವ ಜಾಗವನ್ನು ಸೂಚಿಸುವ ಚಿಹ್ನೆಯನ್ನು ಡಿಲಿಮಿಟರ್ ಅಥವಾ ವಿಭಾಜಕ ಎನ್ನುತ್ತಾರೆ. ಈ ಕೆಲಸವನ್ನು ಪಿಎಚ್‌ಪಿಯಲ್ಲಿ ಎಕ್ಸ್‌ಪ್ಲೋಡ್ ಎಂಬ ಫಂಕ್ಷನ್ ಮಾಡಿದರೆ ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲಿ ಸ್ಪ್ಲಿಟ್ ಮಾಡುತ್ತದೆ. ಒಂದೇ ಸಾಲಿನ ಕೋಡ್‌ನಲ್ಲಿ ಮುಗಿದುಹೋಗುವ ಕೆಲಸವೆಂಬ ಕಾರಣಕ್ಕೆ ಇದನ್ನು ಯಾರೂ ವಿಮರ್ಶೆಗೆ ಒಳಪಡಿಸುವ ಗೋಜಿಗೆ ಹೋಗುವುದಿಲ್ಲ. ಆದರೆ ಮಾಹಿತಿ ಸದ್ದಿಲ್ಲದೆ ಕಳೆದುಹೋಗುವ ಜಾಗಗಳಲ್ಲಿ ಇದೂ ಒಂದು, ಮತ್ತು ಭಾಷೆಗಳನ್ನು ರೂಪಿಸಿದವರ ವಿವೇಕ, ಅವಿವೇಕಗಳೆರಡೂ ಇಲ್ಲಿ ಎದ್ದು ಕಾಣುತ್ತವೆ.

ಇಂಥ ಫಂಕ್ಷನ್ನನ್ನು ಒರೆಗೆ ಹಚ್ಚಲು ಒಂದು ಪ್ರಶ್ನೆ ಸಾಕು: ಕತ್ತರಿಸಿದ ತುಂಡುಗಳನ್ನು ಅದೇ ವಿಭಾಜಕವಿಟ್ಟು ಮತ್ತೆ ಜೋಡಿಸಿದರೆ ಮೂಲ ಪಠ್ಯ ಒಂದಕ್ಷರವೂ ಬಿಡದೆ ಮರಳಿ ಬರುತ್ತದೆಯೇ? ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ನಾಲ್ಕು ಅಂಕಣಗಳ ದಾಖಲೆಯೊಂದರಲ್ಲಿ ಕೊನೆಯ ಎರಡು ಅಂಕಣಗಳು ಭರ್ತಿಯಾಗದೆ ಉಳಿದಿವೆ ಎಂದುಕೊಂಡರೆ, ಆ ಸಾಲು ‘ಶಿವಮೊಗ್ಗ,ಸಾಗರ,,’ ಎಂದಿರುತ್ತದೆ. ಇದನ್ನು ಅಲ್ಪವಿರಾಮದ ಮೇಲೆ ಕತ್ತರಿಸಿದಾಗ ಪೈಥಾನ್, ಪಿಎಚ್‌ಪಿ, ಜಾವಾಸ್ಕ್ರಿಪ್ಟ್ ಮೂರೂ ನಾಲ್ಕು ತುಂಡುಗಳನ್ನು ಕೊಡುತ್ತವೆ. ಕೊನೆಯ ಎರಡು ಖಾಲಿಯಾಗಿದ್ದರೂ ಅವುಗಳ ಸ್ಥಾನ ಭದ್ರವಾಗಿರುತ್ತದೆ. ಜಾವಾ ಮಾತ್ರ ಎರಡನ್ನೇ ಕೊಟ್ಟು, ತುದಿಯ ಖಾಲಿ ತುಂಡುಗಳನ್ನು ತಾನಾಗಿಯೇ ಎಸೆದುಬಿಡುತ್ತದೆ. ಗ್ರಾಮದ ಹೆಸರನ್ನು ಓದಲು ನಾಲ್ಕನೆಯ ಸ್ಥಾನಕ್ಕೆ ಕೈ ಹಾಕಿದ ಪ್ರೋಗ್ರಾಮ್ ಅಲ್ಲಿಯೇ ದೋಷ ತೋರಿ ನಿಲ್ಲುತ್ತದೆ. ಎಲ್ಲ ಅಂಕಣಗಳೂ ತುಂಬಿದ ಮಾದರಿ ದಾಖಲೆಗಳ ಮೇಲೆ ಪರೀಕ್ಷಿಸಿದವರಿಗೆ ಈ ದೋಷ ಕಾಣಿಸಿಕೊಳ್ಳುವುದೇ ಇಲ್ಲ ಎನ್ನುವುದು ಇದರ ನಿಜವಾದ ಅಪಾಯ.

ತುದಿಯ ಖಾಲಿಗಳನ್ನು ಬಿಡುವ ರೂಢಿ ಪರ್ಲ್ ಭಾಷೆಯಲ್ಲಿ ಮೊದಲೇ ಇತ್ತು. 2002ರಲ್ಲಿ ಬಂದ 1.4ನೇ ಆವೃತ್ತಿಯಿಂದ ಸ್ಟ್ರಿಂಗ್‌ಗೆ ಸ್ಪ್ಲಿಟ್ ಸೇರಿಸಿಕೊಂಡ ಜಾವಾದಲ್ಲೂ ಅದೇ ನಡವಳಿಕೆ ಇದೆ. ಮಿತಿಸಂಖ್ಯೆಯಾಗಿ ಋಣ ಒಂದನ್ನು ಕೊಟ್ಟರೆ ಜಾವಾ ಖಾಲಿಗಳನ್ನು ಉಳಿಸುತ್ತದೆ ಎಂಬ ಸಮರ್ಥನೆ ಇದೆಯಾದರೂ ಅದು ಸಾಲದು, ಏಕೆಂದರೆ ಸುರಕ್ಷಿತವಾದದ್ದು ತಾನಾಗಿ ದೊರೆಯಬೇಕೇ ಹೊರತು ಬಲ್ಲವರು ಕೇಳಿ ಪಡೆಯುವಂತಿರಬಾರದು. ಅಸಂಗತಿ ಇಷ್ಟಕ್ಕೇ ನಿಲ್ಲುವುದಿಲ್ಲ: ಬರೀ ಒಂದು ಅಲ್ಪವಿರಾಮವಿರುವ ಪಠ್ಯದಿಂದ ಜಾವಾದಲ್ಲಿ ಶೂನ್ಯ ತುಂಡುಗಳು ಸಿಗುತ್ತವೆ, ಏನೂ ಇಲ್ಲದ ಖಾಲಿ ಪಠ್ಯದಿಂದ ಒಂದು ತುಂಡು ಸಿಗುತ್ತದೆ. ಇದಲ್ಲದೆ ಅಲ್ಲಿ ವಿಭಾಜಕವನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು, ಅಂದರೆ ಅಕ್ಷರಗಳ ವಿನ್ಯಾಸವನ್ನು ವಿವರಿಸುವ ಸೂತ್ರವೆಂದು, ಓದಲಾಗುತ್ತದೆ. ಆ ಸೂತ್ರಗಳಲ್ಲಿ ಚುಕ್ಕಿಗೆ ‘ಯಾವುದೇ ಅಕ್ಷರ’ ಎಂಬ ಅರ್ಥವಿರುವುದರಿಂದ 192.168.1.1 ಎಂಬ ವಿಳಾಸವನ್ನು ಚುಕ್ಕಿಯ ಮೇಲೆ ಕತ್ತರಿಸಲು ಹೊರಟವರ ಕೈಗೆ ಏನೂ ಇಲ್ಲದ ಅರೇ ಬರುತ್ತದೆ. ಸಿ ಭಾಷೆಯ ಸ್ಟ್ರ್‌ಟೋಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒತ್ತಾಗಿ ಬಂದ ವಿಭಾಜಕಗಳನ್ನು ಒಂದೇ ಎಂದು ಎಣಿಸುವುದರ ಜೊತೆಗೆ ಮೂಲ ಪಠ್ಯವನ್ನೇ ತಿದ್ದಿಬಿಡುತ್ತದೆ.

ಒರೆಯಲ್ಲಿ ಗೆದ್ದ ಭಾಷೆಗಳಲ್ಲೂ ಒಂದು ತೊಡಕು ಉಳಿಯುತ್ತದೆ. ಖಾಲಿ ಪಠ್ಯವನ್ನು ಅಲ್ಪವಿರಾಮದ ಮೇಲೆ ಕತ್ತರಿಸಿದರೆ ಪಿಎಚ್‌ಪಿಯಾಗಲಿ ಪೈಥಾನ್ ಆಗಲಿ ಒಂದು ಖಾಲಿ ತುಂಡುಳ್ಳ ಅರೇಯನ್ನು ಕೊಡುವುದರಿಂದ, ಒಂದೂ ಟ್ಯಾಗ್ ಇಲ್ಲದ ಲೇಖನಕ್ಕೆ ಒಂದು ಟ್ಯಾಗ್ ಇದೆಯೆಂದು ಲೆಕ್ಕ ಬರುತ್ತದೆ. ಇದನ್ನು ಭಾಷೆಯ ತಪ್ಪೆಂದು ದೂರುವುದು ನ್ಯಾಯವಲ್ಲ. ಏನೂ ಇಲ್ಲದ ಅರೇ ಮತ್ತು ಒಂದೇ ಖಾಲಿ ತುಂಡುಳ್ಳ ಅರೇ ಎರಡೂ ಜೋಡಿಸಿದಾಗ ಖಾಲಿ ಪಠ್ಯವೇ ಆಗುತ್ತವೆ. ಹಿಂದಿರುಗುವಾಗ ಯಾವುದೋ ಒಂದನ್ನು ಆರಿಸಿಕೊಳ್ಳಲೇಬೇಕು, ಮತ್ತು ಎಲ್ಲ ಕಡೆಯೂ ಒಂದೇ ನಿಯಮವನ್ನು ಪಾಲಿಸುವ ಆಯ್ಕೆಯೇ ಮೇಲು. ಎಷ್ಟು ತುಂಡು ಬೇಕೆಂದು ಮಿತಿ ಹಾಕಿದಾಗ ಪಿಎಚ್‌ಪಿ ಉಳಿದ ಭಾಗವನ್ನು ಕೊನೆಯ ತುಂಡಿನಲ್ಲೇ ಇಟ್ಟುಕೊಡುತ್ತದೆ, ಜಾವಾಸ್ಕ್ರಿಪ್ಟ್ ಅದನ್ನು ಬಿಸಾಡುತ್ತದೆ. ಇಲ್ಲಿ ಪಿಎಚ್‌ಪಿಯ ಕ್ರಮವೇ ಮೆಚ್ಚತಕ್ಕದ್ದು.

ವಿಭಾಜಕವೇ ಖಾಲಿಯಾಗಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಕನ್ನಡದಲ್ಲಿ ಬರೆಯುವವರಿಗೆ ನೇರವಾಗಿ ಸಂಬಂಧಿಸಿದ್ದು. ಪೈಥಾನ್ ಮತ್ತು ಪಿಎಚ್‌ಪಿ 8 ಅದನ್ನು ದೋಷವೆಂದು ತಿರಸ್ಕರಿಸುತ್ತವೆ. ಆದರೆ ಜಾವಾಸ್ಕ್ರಿಪ್ಟ್ ಅಕ್ಷರಗಳಾಗಿ ಒಡೆಯಲು ಮುಂದಾಗಿ, ‘ಕನ್ನಡ’ ಎಂಬ ಮೂರಕ್ಷರದ ಪದವನ್ನು ಕ, ನ, ಒಂಟಿ ಹಲಂತ ಚಿಹ್ನೆ, ನ, ಡ ಎಂದು ಐದು ತುಂಡು ಮಾಡುತ್ತದೆ. ಪಿಎಚ್‌ಪಿಯ ಸ್ಟ್ರ್‌_ಸ್ಪ್ಲಿಟ್ ಯುಟಿಎಫ್-8ರಲ್ಲಿರುವ ಅದೇ ಪದವನ್ನು ಒಂದೊಂದು ಬೈಟ್‌ಗೆ ಒಡೆದು ಹದಿನೈದು ಚೂರು ಮಾಡುತ್ತದೆ, ಮತ್ತು ಅದರಲ್ಲಿ ಒಂದು ಚೂರೂ ಓದಲು ಬರುವಂತಿರುವುದಿಲ್ಲ. ಮತ್ತೆ ಜೋಡಿಸಿದರೆ ಎರಡರಲ್ಲೂ ಮೂಲ ಪದ ಸಿಗುತ್ತದೆ ನಿಜ. ಆದರೆ ಪದಬಂಧವೊಂದರ ಮನೆಗಳನ್ನು ಎಣಿಸಲು ಅಥವಾ ಪದವನ್ನು ತಿರುಗಿಸಿ ಬರೆಯಲು ಹೊರಟವರಿಗೆ ಒತ್ತಕ್ಷರ ಮುರಿದುಬಿದ್ದ ಈ ತುಂಡುಗಳಿಂದ ಏನೂ ಪ್ರಯೋಜನವಿಲ್ಲ.

ತುಂಡಿನೊಳಗೇ ವಿಭಾಜಕ ಬರುವ ಸಂದರ್ಭದಲ್ಲಂತೂ ಎಷ್ಟೇ ಒಳ್ಳೆಯ ಸ್ಪ್ಲಿಟ್ ಆದರೂ ಸೋಲುತ್ತದೆ. ‘1,25,000’ ಎಂಬ ಮೊತ್ತ ಮೂರು ತುಂಡಾಗುತ್ತದೆ, ಮನೆ ಸಂಖ್ಯೆ, ಅಡ್ಡರಸ್ತೆ, ಬಡಾವಣೆ ಸೇರಿದ ವಿಳಾಸ ಅಂಕಣಗಳನ್ನೆಲ್ಲ ಪಕ್ಕಕ್ಕೆ ತಳ್ಳುತ್ತದೆ. ಆಸ್ಕಿ ಸಂಕೇತಪಟ್ಟಿಯಲ್ಲಿ 28ರಿಂದ 31ರವರೆಗಿನ ಸಂಕೇತಗಳನ್ನು ದಾಖಲೆಗಳನ್ನು ಬೇರ್ಪಡಿಸಲೆಂದೇ ಮೀಸಲಿಟ್ಟಿದ್ದರೂ, ಕೀಲಿಮಣೆಯಲ್ಲಿ ಸುಲಭವಾಗಿ ಒತ್ತಲಾಗದ, ಪರದೆಯಲ್ಲಿ ಕಾಣಿಸದ ಆ ಚಿಹ್ನೆಗಳು ಬಳಕೆಯಲ್ಲಿ ಬೇರೂರಲಿಲ್ಲ, ಅಲ್ಪವಿರಾಮವೇ ಗೆದ್ದಿತು. 2005ರ ಆರ್‌ಎಫ್‌ಸಿ 4180 ಎಂಬ ದಾಖಲೆ ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಅಂಕಣ ಬೇರ್ಪಡಿಸಿದ, ಕಡತಗಳ ರೂಢಿಯನ್ನು ವಿವರಿಸುತ್ತ, ಅಲ್ಪವಿರಾಮವಿರುವ ತುಂಡನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕೆಂದೂ, ಒಳಗೆ ಅದೇ ಚಿಹ್ನೆ ಬಂದರೆ ಅದನ್ನು ಎರಡು ಬಾರಿ ಬರೆಯಬೇಕೆಂದೂ ಹೇಳುತ್ತದೆ. ಚಿಹ್ನೆಯ ಒಳಗಿದ್ದೇವೆಯೇ ಹೊರಗಿದ್ದೇವೆಯೇ ಎಂಬುದನ್ನು ಸ್ಪ್ಲಿಟ್ ನೆನಪಿಟ್ಟುಕೊಳ್ಳುವುದಿಲ್ಲವಾದ್ದರಿಂದ ಬೇರೆಯವರು ಸಿದ್ಧಪಡಿಸಿದ ಸಿಎಸ್‌ವಿಯನ್ನು ಅದರಿಂದ ಒಡೆಯುವುದು ತಪ್ಪು. ಪೈಥಾನ್‌ನ ಸಿಎಸ್‌ವಿ ಮಾಡ್ಯೂಲ್, ಪಿಎಚ್‌ಪಿಯ ಎಫ್‌ಗೆಟ್‌ಸಿಎಸ್‌ವಿ ಇರುವುದು ಇದಕ್ಕಾಗಿಯೇ. ಉದ್ಧರಣ ಚಿಹ್ನೆಗಳ ನಡುವೆ ಹೊಸ ಸಾಲೂ ಬರಬಹುದಾದ್ದರಿಂದ, ಕಡತವನ್ನು ಮೊದಲು ಸಾಲುಗಳಾಗಿ ಒಡೆದು ಆಮೇಲೆ ಅಂಕಣಗಳನ್ನು ಬಿಡಿಸುವ, ಬಹುಮಂದಿ ನೆಚ್ಚಿಕೊಂಡಿರುವ ಕ್ರಮವೂ ಅಂಥ ಕಡತದಲ್ಲಿ ಮೊದಲ ಹೆಜ್ಜೆಯಲ್ಲೇ ದಾಖಲೆಯನ್ನು ನಡುವೆ ಕತ್ತರಿಸಿಬಿಟ್ಟಿರುತ್ತದೆ.